ಎಲ್ಲರ ಕೈಯಲ್ಲಿದ್ದ ಪಾಸ್‌ವರ್ಡ್

ಗೋಕಾಕದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮೂಡಲಗಿ, ಹುಕ್ಕೇರಿಯಲ್ಲಿ ನಮ್ಮ ಶಾಖೆಗಳಿವೆ. ಮೂರೂ ಕಡೆಯ ಲೆಕ್ಕ ಗೋಕಾಕದ ಸರ್ವರ್‌ನಲ್ಲಿದೆ.

ಲೆಕ್ಕದ ತಂತ್ರಾಂಶವನ್ನು ಅದನ್ನು ಮಾಡಿಕೊಟ್ಟವರು ನಾನು ಸೇರುವ ಮೊದಲೇ ಹಾಕಿಹೋಗಿದ್ದರು. ಅದರ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಎಸ್ಎ' ಎಂಬ ಅಡ್ಮಿನ್ ಖಾತೆ ಇರುತ್ತದೆ. ಅದರಿಂದ ಒಳಹೊಕ್ಕವರು ಯಾವ ದಾಖಲೆಯನ್ನೂ ತಿದ್ದಬಹುದು. ಡೇಟಾಬೇಸ್ ಕೂರಿಸುವಾಗ ಅಂಥ ಅಧಿಕಾರ ಬೇಕಾಗುತ್ತದೆ. ಕೌಂಟರಿನ ದಿನದ ಕೆಲಸಕ್ಕೆ ಬೇಡ. ಆದರೂ ಆ ಖಾತೆಯ ಪಾಸ್‌ವರ್ಡ್ ಪ್ರತಿ ಕೌಂಟರಿನ ಕಾನ್ಫಿಗ್ ಫೈಲಿನಲ್ಲಿತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾರಾದರೂ ಓದಬಹುದಿತ್ತು. ಬದಲಿಸಿಕೊಡಿ ಎಂದು ತಂತ್ರಾಂಶದವರಿಗೆ ಬರೆದು ಕೇಳಿದ್ದೆ. ಬದಲಿಸಿದರೆ ಮೂರೂ ಕಡೆ ಕೆಲಸ ನಿಲ್ಲುತ್ತದೆ ಎಂದಿದ್ದರು.

ಒಂದು ದಿನ ಮೂಡಲಗಿ ಶಾಖೆಗೆ ಅಜ್ಜಿಯೊಬ್ಬರು ಠೇವಣಿ ರಸೀದಿ ಹಿಡಿದು ಬಂದರು. ರಸೀದಿಯಲ್ಲಿ ಒಂದು ಲಕ್ಷ. ಪರದೆಯ ಮೇಲೆ ಹತ್ತು ಸಾವಿರ. ವೋಚರ್ ಇರಲಿಲ್ಲ. ಹುಡುಕಿದಾಗ ಇಂಥ ಇನ್ನಷ್ಟು ಖಾತೆಗಳು ಸಿಕ್ಕವು. ಕೌಂಟರಿನಿಂದ ತಿದ್ದಿದ್ದರೆ ಕ್ಲರ್ಕ್ ಹೆಸರು ಇರುತ್ತಿತ್ತು. ಇಲ್ಲಿ 'ಎಸ್ಎ' ಎಂದಷ್ಟೇ ಇತ್ತು.

ಆಡಳಿತ ಮಂಡಳಿ ನನ್ನನ್ನು ಕರೆಸಿತು. "ಪಾಸ್‌ವರ್ಡ್ ನಿಮ್ಮ ಕಡೇನ ಇತ್ತಲ್ರಿ?" ಎಂದು ಕೇಳಿದರು. ಎಲ್ಲರ ಕಡೆಯೂ ಇತ್ತು ಎಂದೆ. ಅದನ್ನು ಯಾರೂ ಒಪ್ಪಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬೇರೆ ಏರ್ಪಾಡು ಮಾಡದಿದ್ದರೆ ವಿಫಲವಾದ ಲಾಗಿನ್‌ಗಳಷ್ಟೇ ಲಾಗ್‌ಗೆ ಬರುತ್ತವೆ. ಸರಿಯಾದ ಪಾಸ್‌ವರ್ಡ್ ಕೊಟ್ಟು ಬಂದವರ ಗುರುತು ಸಿಗುವುದಿಲ್ಲ. ನಾನಲ್ಲ ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಸರ್ವರ್ ಕೋಣೆಯ ಕೀಲಿ ಇಸಿದುಕೊಂಡರು. ನನಗೆ ನಿದ್ದೆ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಪೊಲೀಸರು ಮನೆಗೆ ಬಂದರೆ ಅವ್ವನಿಗೆ ಏನು ಹೇಳಲಿ ಎಂಬ ಹೆದರಿಕೆ ಇತ್ತು. ಚಹಾದ ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಹುಕ್ಕೇರಿ ಶಾಖೆಯ ಹಿರಿಯ ಕ್ಲರ್ಕ್ ಒಬ್ಬರು ದಿನಾ ಫೋನ್ ಮಾಡುತ್ತಿದ್ದರು. "ಉಂಡೀಯೇನೋ ತಮ್ಮಾ?" ಎಂದು ಕೇಳುತ್ತಿದ್ದರು. ಪ್ರಕರಣದ ಮಾತು ಎತ್ತುತ್ತಿರಲಿಲ್ಲ.

ಆ ದಿನಗಳಲ್ಲೇ ಹೊಲದ ಉತಾರಕ್ಕೆಂದು ತಾಲೂಕು ಕಚೇರಿಗೆ ಹೋಗಿದ್ದೆ. ಜಮೀನು ದಾಖಲೆಗೆಂದು 2000ದ ಹೊತ್ತಿಗೆ ಬಂದ 'ಭೂಮಿ' ಯೋಜನೆಯಲ್ಲಿ ಆಗಲೇ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಇತ್ತು. ತಿದ್ದಿದ್ದರ ಹೊಣೆ ತಿದ್ದಿದವರ ಮೇಲೆ ನಿಲ್ಲುತ್ತದೆ. ಉಳಿದವರಿಗೆ ಅಂಜಿಕೆ ಇಲ್ಲ. ಸಾಲಿನಲ್ಲಿ ನಿಂತಾಗ ಇದೊಂದೇ ತಲೆಯಲ್ಲಿತ್ತು.

ಕೊನೆಗೆ ಹೊರಗಿನ ಲೆಕ್ಕಪರಿಶೋಧಕರು ಬಂದು ರಾತ್ರಿಯ ಬ್ಯಾಕಪ್‌ಗಳನ್ನು ಒಂದೊಂದಾಗಿ ತಾಳೆ ನೋಡಿದರು. ಎಲ್ಲ ಬದಲಾವಣೆಯೂ ಒಂದೇ ದಿನ ಆಗಿತ್ತು. ಅಂದು ತಂತ್ರಾಂಶದವರು ತಮ್ಮ ಊರಿನಿಂದಲೇ ಒಳಬಂದು ಬಡ್ಡಿ ಲೆಕ್ಕ ಸರಿಪಡಿಸಿದ್ದರು. ಅವರ ಕ್ವೆರಿ ಕೆಲವು ಖಾತೆಗಳ ಅಸಲನ್ನೂ ತಿದ್ದಿತ್ತು. ಅದನ್ನು ಬರೆದು ಒಪ್ಪಿಕೊಂಡರು. ಅಜ್ಜಿಗೆ ಪೂರ್ತಿ ಹಣ ಸಿಕ್ಕಿತು. ನನಗೆ ಕೀಲಿ ವಾಪಸ್ ಬಂತು.

ಈಗ 'ಎಸ್ಎ' ಖಾತೆ ಬಂದ್ ಮಾಡಿದ್ದೇವೆ. ಎಲ್ಲರಿಗೂ ಅವರವರ ಹೆಸರಿನ ಲಾಗಿನ್ ಇದೆ. ಯಶಸ್ವಿ ಲಾಗಿನ್‌ಗಳೂ ದಾಖಲಾಗುತ್ತವೆ. ತಂತ್ರಾಂಶ ಹಾಕಲು ಬಂದವರಿಗೆ ಆ ದಿನಕ್ಕಷ್ಟೇ ಲಾಗಿನ್ ಕೊಟ್ಟು, ಕೆಲಸ ಮುಗಿದ ಕೂಡಲೇ ರದ್ದು ಮಾಡುತ್ತೇವೆ. ತುರ್ತು ಖಾತೆಯ ಪಾಸ್‌ವರ್ಡ್ ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ, ತಿಜೋರಿಯೊಳಗಿದೆ. ಒಡೆದವರು ಸಹಿ ಮಾಡಬೇಕು.

ಪಾಸ್‌ವರ್ಡ್ ಬಿಗಿಯಾಗಿದ್ದರೆ ಹಣ ಉಳಿಯುತ್ತದೆ, ಪ್ರಾಮಾಣಿಕರ ಮಾನವೂ ಉಳಿಯುತ್ತದೆ. ಸರ್ವರ್ ಕೂರಿಸುವವರಲ್ಲಿ ನನ್ನದೊಂದು ಬೇಡಿಕೆ. ಹೊರಡುವ ಮೊದಲು ನಿಮ್ಮ ಪಾಸ್‌ವರ್ಡ್ ತೆಗೆದು ಹೋಗಿ. ಅದರ ಹೊಣೆ ಹೊರುವವರು ಅಲ್ಲೇ ಸಂಬಳಕ್ಕೆ ದುಡಿಯುತ್ತಿರುತ್ತಾರೆ.