ಮೈಸೂರಿನ ಮೃಗಾಲಯ

ಮೃಗವೆಂದರೆ ಜಿಂಕೆ ಎಂದು ಅರ್ಥ ಹೇಳಿ ಮುಂದಿನ ಶಬ್ದಕ್ಕೆ ಸಾಗುವುದು ಪಾಠಶಾಲೆಗಳಲ್ಲಿ ರೂಢಿ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವೂ ಹಾಗೆಯೇ ಹೇಳಿಕೊಂಡು ಬಂದವರು. ಆದರೆ ಅರಸು, ಹುಡುಕು ಎಂಬ ಅರ್ಥವುಳ್ಳ ಧಾತುವಿನೊಡನೆ ಆ ಶಬ್ದಕ್ಕೆ ನೆಂಟಸ್ತಿಕೆಯುಂಟು, ಮೃಗಯೆಯೆಂದರೆ ಬೇಟೆ. ಬೇಟೆಯ ಶಬ್ದಕ್ಕೆ ಮನೆಯ ಶಬ್ದವನ್ನು ಜೋಡಿಸಿದರೆ ಮೃಗಾಲಯವಾಯಿತು. ಸವರ್ಣದೀರ್ಘ ಸಂಧಿ, ಷಷ್ಠೀ ತತ್ಪುರುಷ ಸಮಾಸ. ವ್ಯಾಕರಣದಲ್ಲಿ ಯಾವ ತೊಡಕೂ ಇಲ್ಲ. ತೊಡಕಿರುವುದು ಉತ್ತರಪದದ ಅರ್ಥದಲ್ಲಿ. ಅದು ನಿಜವಾಗಿಯೂ ಆಲಯವೋ, ಅಲ್ಲ ಸೆರೆಮನೆಯೋ? ಈ ಸಂದೇಹ ನಮ್ಮಲ್ಲಿ ಹುಟ್ಟಿದುದು ಗ್ರಂಥಾವಲೋಕನದಿಂದಲ್ಲ, ಒಬ್ಬ ಹುಡುಗನಿಂದ. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

2023ನೆಯ ಇಸವಿಯ ಕಾರ್ತಿಕ ಮಾಸದಲ್ಲಿ, ಏಳು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಹೋಗಿದ್ದೆವು. ದಸರಾ ಕಾಲದಲ್ಲಿ ಹೋಗಬಾರದೆಂಬುದು ನಮ್ಮ ಅನುಭವ. ಆಗ ಅಲ್ಲಿ ಕಾಣುವುದು ಮೃಗಗಳಿಗಿಂತ ಹೆಚ್ಚಾಗಿ ಮನುಷ್ಯರ ಬೆನ್ನುಗಳೇ. ಹಬ್ಬ ಮುಗಿದ ಮೇಲೆ, ಬೆಳಿಗ್ಗೆ ಬಿಸಿಲೇರುವುದಕ್ಕೆ ಮೊದಲು ಹೋದರೆ ಮರಗಳ ನೆರಳಿನಲ್ಲಿ ನಿಧಾನವಾಗಿ ನಡೆದಾಡಬಹುದು.

ಈ ಸ್ಥಳದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಅರಮನೆಗೆ ಸೇರಿದ ಸುಮಾರು 10 ಎಕರೆ ಜಾಗದಲ್ಲಿ ಇದನ್ನು ಆರಂಭಿಸಿದರು. ಆಗ ಇದಕ್ಕೆ ಖಾಸ್ ಬಂಗಲೆ ಎಂಬ ಹೆಸರಿತ್ತು. ಮೊದಲನೆಯ ಸೂಪರಿಂಟೆಂಡೆಂಟರಾದ ಹ್ಯೂಸ್ ಎಂಬವರು 1924ರ ವರೆಗೂ, ಎಂದರೆ ಮೂವತ್ತೆರಡು ವರ್ಷ, ಇದನ್ನು ನೋಡಿಕೊಂಡರು. ತೋಟದ ವಿನ್ಯಾಸದಲ್ಲಿ ಕ್ರುಂಬಿಗಲ್ ಎಂಬ ಜರ್ಮನ್ ಉದ್ಯಾನ ತಜ್ಞರ ಕೈವಾಡವುಂಟು. 1909ರಲ್ಲಿ ಸ್ಥಾಪಕರ ಹೆಸರನ್ನೇ ಇಡಲಾಯಿತು. ಸಂಸ್ಥಾನದ ಆಳ್ವಿಕೆ ಕೊನೆಗೊಳ್ಳುವ ಕಾಲದಲ್ಲಿ, 1948ರಲ್ಲಿ, ಇದು ಸರ್ಕಾರದ ತೋಟಗಾರಿಕೆಯವರ ವಶಕ್ಕೆ ಬಂದು, 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಮೃಗಾಲಯ ಪ್ರಾಧಿಕಾರಕ್ಕೂ ಸೇರಿತು. ಪಕ್ಕದ ಕಾರಂಜಿ ಕೆರೆಯೂ ಈಗ ಇದರ ಅಂಗವೇ.

ಸ್ಥಾಪಕರ ವಿಷಯದಲ್ಲಿ ನಮಗೆ ಬಹಳ ಪ್ರಿಯವಾದ ಸಂಗತಿಯೊಂದುಂಟು. ಬಸವಪ್ಪ ಶಾಸ್ತ್ರಿಗಳಿಂದ ಕಾಳಿದಾಸನ ಶಾಕುಂತಲವು ಕನ್ನಡಕ್ಕೆ ಬಂದುದು ಈ ಪ್ರಭುಗಳ ಆಶ್ರಯದಲ್ಲಿಯೇ. ಆ ನಾಟಕದ ಆರಂಭದಲ್ಲಿ ರಾಜನು ಜಿಂಕೆಯನ್ನು ಬೆನ್ನಟ್ಟಿ ಬರುವನು. ಆಶ್ರಮದ ಮೃಗವನ್ನು ಕೊಲ್ಲಬಾರದೆಂದು ತಪಸ್ವಿಗಳು ತಡೆಯುವರು. ಅಂತ್ಯದಲ್ಲಿ ಅದೇ ರಾಜನು ತನ್ನ ಮಗನನ್ನು ಕಾಣುವಾಗ ಆ ಬಾಲಕನು ಸಿಂಹದ ಮರಿಯ ಬಾಯಿ ತೆರೆಯಿಸಿ ಹಲ್ಲೆಣಿಸಲು ಹವಣಿಸುತ್ತಿರುತ್ತಾನೆ. ಅಂತಹ ನಾಟಕವನ್ನು ಮೆಚ್ಚಿದವರು ಮೃಗಾಲಯವನ್ನು ಮಾಡಿಸಿದುದು ಆಕಸ್ಮಿಕವೇ ಇರಬಹುದು. ನಾವು ಮಾತ್ರ ಹಾಗೆಂದು ನಂಬಲೊಲ್ಲೆವು. ಪಾಪ, ಅವರು ಇದರ ಸುಖವನ್ನುಂಡದ್ದು ಎರಡೇ ವರ್ಷ. 1894ರ ಡಿಸೆಂಬರಿನಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ, ಕಲ್ಕತ್ತೆಯಲ್ಲಿ ಕಾಲವಾದರು.

ಮೊಮ್ಮಗನಿಗೆ ಈ ಕಥೆಯನ್ನು ಹೇಳಿದ್ದು ತಪ್ಪಾಯಿತು. ಸಿಂಹದ ಆವರಣದ ಮುಂದೆ ನಿಂತು, "ತಾತ, ಅದು ಬಾಯಿ ತೆಗೆಯೋವರೆಗೂ ನಾನು ಬರಲ್ಲ" ಎಂದು ಹಠ ಹಿಡಿದನು. ಮೃಗರಾಜನು ಅರ್ಧಗಂಟೆಯ ಕಾಲ ನಿದ್ರಿಸಿ, ಕೊನೆಗೊಮ್ಮೆ ಆಕಳಿಸಿದನು. ನಾಲ್ಕು ಹಲ್ಲುಗಳ ಲೆಕ್ಕ ಸಿಕ್ಕಿತು.

ಅಲ್ಲಿಂದ ಮುಂದೆ ನಮ್ಮ ಕಾಲುಗಳಿಗಿಂತ ನಮ್ಮ ಶಬ್ದಸಂಪತ್ತಿಗೇ ಹೆಚ್ಚು ಆಯಾಸವಾಯಿತು. ಕಂಡದ್ದಕ್ಕೆಲ್ಲಾ ಹೆಸರು ಹೇಳೆಂದು ಹುಡುಗನ ಪೀಡೆ. ಖಡ್ಗಮೃಗವಾಯಿತು; ನಮ್ಮ ಘಟ್ಟದ ಸಿಂಗಳೀಕವಾಯಿತು. ನೀರಾನೆಯ ಬಳಿ ಒಂದು ಸ್ವಾರಸ್ಯ: ಗ್ರೀಕರು ಆ ಪ್ರಾಣಿಯನ್ನು ಹೊಳೆಯ ಕುದುರೆ ಎಂದರು. ಕೊಳದಲ್ಲಿ ಮುಳುಗಿದ್ದ ಆ ದೇಹವನ್ನು ಕಂಡವರಾರಿಗೂ ಕುದುರೆಯ ನೆನಪು ಬರುವಂತಿಲ್ಲ. ಆನೆ ಎಂದ ನಮ್ಮವರ ಕಣ್ಣೇ ನೆಟ್ಟಗಿತ್ತು. ಜಿರಾಫೆಗೆ ಅಮರಕೋಶದಲ್ಲಿ ಸ್ಥಾನವಿಲ್ಲ. ಆದರೂ ಅದು ಇಲ್ಲಿ ಪರದೇಶಿಯಂತೆ ಬಾಳಿಲ್ಲ. ಈ ಮೃಗಾಲಯದಲ್ಲಿ ತಲೆಮಾರುಗಳಿಂದ ಮರಿ ಹಾಕುತ್ತ ಬಂದಿದೆ, ಇಲ್ಲಿ ಹುಟ್ಟಿದ ಮರಿಗಳು ಬೇರೆ ಊರುಗಳ ಮೃಗಾಲಯಗಳಿಗೂ ಹೋಗಿವೆ. ಒರಾಂಗುಟಾನ್ ಎಂಬುದು ಮಲಯ ಭಾಷೆಯಲ್ಲಿ ಕಾಡಿನ ಮನುಷ್ಯ. ವಾನರ ಶಬ್ದವನ್ನು ವನ, ನರ ಎಂದು ಬಿಡಿಸಿ ಹೇಳುವ ನಮ್ಮ ಪಂಡಿತರು ಇದನ್ನು ಕೇಳಿದರೆ ಕುಣಿದಾಡಿಯಾರು. ಈ ಕಾಡಿನ ಮನುಷ್ಯರು ಸಿಂಗಾಪುರ, ಮಲೇಷ್ಯಾಗಳಿಂದ 2021ರಲ್ಲಿ ಬಂದವರು.

ಈಗ ಆ ಹುಡುಗನ ಸಂಗತಿ. 2006ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕಾಗಿ ಇಲ್ಲಿಗೆ ಕರೆತಂದಿದ್ದೆವು. ಆಗ ಇಲ್ಲಿ ಪೋಲೋ ಎಂಬ ಗೊರಿಲ್ಲಾ ಇತ್ತು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಿಂದ ಅದನ್ನು ತಂದಿದ್ದರು. ಇಲ್ಲಿದ್ದ ಹೆಣ್ಣು ಗೊರಿಲ್ಲಾಕ್ಕೆ ಜೊತೆಯಾಗಲೆಂದು ಬಂದದ್ದು, ಆ ಹೆಣ್ಣು ತೀರಿಕೊಂಡ ಮೇಲೆ ಒಂಟಿಯಾಯಿತು. ಇಡೀ ಭಾರತದಲ್ಲಿ ಮತ್ತೊಂದು ಗೊರಿಲ್ಲಾ ಇರಲಿಲ್ಲ. ಬೆನ್ನನ್ನು ನಮ್ಮತ್ತ ಮಾಡಿ ಅದು ಕುಳಿತಿತ್ತು. ಮಕ್ಕಳು ಕೂಗಿದರು, ಚಪ್ಪಾಳೆ ತಟ್ಟಿದರು, ಅದು ತಿರುಗಲಿಲ್ಲ. ಆರನೆಯ ತರಗತಿಯ ಒಬ್ಬ ಹುಡುಗನು ನಮ್ಮ ಪಂಚೆಯ ಅಂಚನ್ನು ಹಿಡಿದು, "ಸಾರ್, ಇದು ಯಾರ ಜೊತೆ ಮಾತಾಡುತ್ತೆ?" ಎಂದು ಕೇಳಿದನು.

"ಪ್ರಾಣಿಗಳು ಮಾತನಾಡುವುದು ಪಂಚತಂತ್ರದಲ್ಲಿ ಮಾತ್ರ ಕಣೋ" ಎಂದು ನಾವು ಗದರಿದೆವು. ಜೊತೆಯ ಉಪಾಧ್ಯಾಯರು ನಕ್ಕರು, ಮಕ್ಕಳೂ ನಕ್ಕರು. ಆ ಹುಡುಗನು ನಗಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರೆ ಅವನು ಕಿಟಕಿಯ ಹೊರಗೆ ನೋಡುತ್ತಿದ್ದುದು ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. 2014ರಲ್ಲಿ ಪೋಲೋ ಸತ್ತಿತೆಂದು ವೃತ್ತಪತ್ರಿಕೆಯಲ್ಲಿ ಓದಿದ ದಿನ ಮಧ್ಯಾಹ್ನ ಪಾಠ ಹೇಳಲು ಮನಸ್ಸಾಗಲಿಲ್ಲ; ಮಕ್ಕಳಿಗೆ ಶಬ್ದರೂಪಗಳನ್ನು ಬರೆಯಲು ಹೇಳಿ ಸುಮ್ಮನೆ ಕುಳಿತಿದ್ದೆವು.

ಮೃಗಾಲಯಗಳನ್ನು ದೂಷಿಸುವವರ ಮಾತಿನಲ್ಲಿ ಹುರುಳಿದೆ. 2004ರಲ್ಲಿ ಇಲ್ಲಿಯೇ ಆನೆಗಳೂ ಮತ್ತೆ ಕೆಲವು ಪ್ರಾಣಿಗಳೂ ಅನುಮಾನಾಸ್ಪದವಾಗಿ ಸತ್ತು ನಾಡೆಲ್ಲ ಮರುಗಿತು. ಕಾವಲಿನಲ್ಲಿರುವ ಜೀವಿಗೆ ಓಡಿಹೋಗುವ ಉಪಾಯವೂ ಇಲ್ಲವಷ್ಟೆ. ಆದರೆ ಇನ್ನೊಂದು ಪಕ್ಷವೂ ಉಂಟು. ಊರಿನ ಹತ್ತಿರದ ಕೂರ್ಗಳ್ಳಿಯಲ್ಲಿ ಈ ಮೃಗಾಲಯದವರೇ ನಡೆಸುವ ಪುನರ್ವಸತಿ ಕೇಂದ್ರವಿದೆ; ಹಳ್ಳಿಗಳಿಗೆ ನುಗ್ಗಿ ಸೆರೆಸಿಕ್ಕ ಹುಲಿ ಚಿರತೆಗಳಲ್ಲಿ ಮತ್ತೆ ಕಾಡಿಗೆ ಬಿಡಲಾಗದವುಗಳಿಗೆ ಅಲ್ಲಿ ಆಶ್ರಯ. ಕಾಡನ್ನು ಕಿರಿದುಗೊಳಿಸಿದವರು ನಾವು. ಅವಕ್ಕೆ ಅನ್ನವಿಕ್ಕುವ ಹೊಣೆ ಯಾರದು?

2001ರಿಂದ ಇಲ್ಲಿ ಪ್ರಾಣಿಗಳನ್ನು ದತ್ತು ಕೊಡುವ ಪದ್ಧತಿಯೂ ಇದೆ. ನಿಗದಿಯಾದ ಹಣ ಕಟ್ಟಿ ಒಂದು ಪ್ರಾಣಿಯ ಪೋಷಣೆಗೆ ನೆರವಾಗಬಹುದು. ಧರ್ಮಶಾಸ್ತ್ರಗಳಲ್ಲಿ ಹೇಳಿರುವ ಹನ್ನೆರಡು ಬಗೆಯ ಪುತ್ರರಲ್ಲಿ ಹುಲಿ ಸೇರಿಲ್ಲ; ಆದರೂ ನಿಷೇಧವಚನವೇನೂ ನಮಗೆ ಕಂಡಿಲ್ಲ. 2020ರಲ್ಲಿ ಕೊರೋನಾ ಜಾಡ್ಯದಿಂದ ಬಾಗಿಲು ಮುಚ್ಚಿ ಟಿಕೆಟ್ಟಿನ ವರಮಾನ ನಿಂತಾಗ ಇಂತಹ ನೆರವಿನ ಬೆಲೆ ತಿಳಿಯಿತು. ಮೊಮ್ಮಗನು ಆನೆಯನ್ನೇ ಬಯಸಿದನು. ನಮ್ಮ ಪಿಂಚಣಿಯ ಅಳತೆಗೆ ಒಂದು ಸಣ್ಣ ಪಕ್ಷಿಯಲ್ಲಿ ರಾಜಿಯಾಯಿತು.

ಗೊರಿಲ್ಲಾದ ಆವರಣಕ್ಕೆ ಕೊನೆಯಲ್ಲಿ ಹೋದೆವು. ಬೇಕೆಂದೇ ತಡಮಾಡಿದೆವೆಂದರೂ ಸರಿಯೇ. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದಿವೆ. ಒಂದರ ಹೆಸರು ಥಾಬೋ, ಮತ್ತೊಂದರದು ಡೆಂಬಾ. ನಾವು ಹೋದಾಗ ಒಂದು ಹುಲ್ಲಿನ ಮೇಲೆ ಕುಳಿತು ಸೊಪ್ಪು ತಿನ್ನುತ್ತಿತ್ತು. ಇನ್ನೊಂದು ದೂರದಿಂದ ನಡೆದುಬಂದು ಅದಕ್ಕೆ ಎರಡು ಮಾರು ಆಚೆ ಕುಳಿತಿತು. ಒಂದನ್ನೊಂದು ನೋಡಲಿಲ್ಲ. ಎದ್ದೂ ಹೋಗಲಿಲ್ಲ.

"ತಾತ, ಅವೆರಡೂ ಜಗಳ ಆಡಿದಾವಾ?" ಎಂದನು ಮೊಮ್ಮಗ.

"ಏಕೆ ಮಗು?"

"ಮಾತು ಬಿಟ್ಟಿದಾವಲ್ಲ."

ಈ ಸಲ ಪಂಚತಂತ್ರದ ಗೊಡವೆಗೆ ಹೋಗಲಿಲ್ಲ. "ಇರಬಹುದಪ್ಪ, ಸಂಜೆಯ ಹೊತ್ತಿಗೆ ಸರಿಹೋದೀತು" ಎಂದೆವು. ಅವನು ಒಪ್ಪಿದನು.

ಆ ನಮ್ಮ ಶಿಷ್ಯನಿಗೆ ಈಗ ಮೂವತ್ತರ ಸಮೀಪದ ವಯಸ್ಸಾಗಿರಬೇಕು. ಎಲ್ಲಿರುವನೋ ತಿಳಿಯದು. ಈ ಮಾಸಪತ್ರಿಕೆ ಅವನ ಮನೆಗೂ ಬರುವುದುಂಟಾದರೆ, ಅವನು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆಯಾಗಿತ್ತೆಂದೂ, ಮೈಸೂರಿಗೆ ಈಗ ಎರಡು ಗೊರಿಲ್ಲಾಗಳು ಬಂದಿವೆಯೆಂದೂ ತಿಳಿಯಲಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಲಿ. ಮಂಗಳವಾರ ಮಾತ್ರ ಅಲ್ಲಿ ಬಾಗಿಲು ತೆರೆಯುವುದಿಲ್ಲ.