ಉಮ್ಮನ ಲೆಕ್ಕ

ಪ್ರಥಮ ಪಿಯುಸಿಗೆ ಸೇರಿದ ವಾರವೇ ನಾನೊಂದು ವೇಳಾಪಟ್ಟಿ ಮಾಡಿದೆ. ಬೆಳಿಗ್ಗೆ 5ರಿಂದ 7 ಭೌತಶಾಸ್ತ್ರ, ಸಂಜೆ 6ರಿಂದ 8 ಗಣಿತ, ಆಮೇಲೆ ರಸಾಯನಶಾಸ್ತ್ರ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಕಪಾಟಿಗೆ ಅಂಟಿಸಿದ್ದೆ. ನೋಡಲು ಚೆಂದವೇ ಇತ್ತು. ಎರಡು ಗಂಟೆ ಪುಸ್ತಕದ ಮುಂದೆ ಕೂತು ಎದ್ದರೆ ಒಂದು ಟಿಕ್. ಮಧ್ಯಾವಧಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 70ರಲ್ಲಿ 19 ಬಂತು.

ಸಹಿ ಹಾಕಿಸಲು ಹೋದಾಗ ಉಮ್ಮ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅಷ್ಟು ಹೊತ್ತು ಕೂತ್ಕೊಳ್ತೀಯಲ್ಲ ಮಗಳೇ, ಎಷ್ಟು ಆಗ್ತದೆ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಉಮ್ಮನಲ್ಲಿ ಯಾವಾಗಲೂ ಇರುತ್ತದೆ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ 25ರ ಎರಡು ಕಟ್ಟು, ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಇಷ್ಟು ಎಂದು ಅವರ ದಿನ ಸಾಗುತ್ತದೆ. ಸಡಿಲ ಸುತ್ತಿದ್ದನ್ನು, ಎಲೆ ಹರಿದದ್ದನ್ನು ಬ್ರಾಂಚಿನಲ್ಲಿ ತೆಗೆದುಹಾಕುತ್ತಾರೆ. ಕೂತ ಹೊತ್ತಿಗೆ ಅಲ್ಲಿ ಮಜೂರಿ ಇಲ್ಲ.

ಆ ಪಟ್ಟಿಯನ್ನು ಕಿತ್ತೆ. ಈಗ ಗಂಟೆ ಬರೆಯುವುದಿಲ್ಲ. 'ಮೋಲಾರಿಟಿ, 6 ಲೆಕ್ಕ, ಪುಸ್ತಕ ಮುಚ್ಚಿ' ಎಂದಷ್ಟೇ ಬರೆಯುತ್ತೇನೆ. ಉತ್ತರ ತಪ್ಪಾದದ್ದು ಎಣಿಕೆಗಿಲ್ಲ. ಮೊದಲ ದಿನ 6ರಲ್ಲಿ 2 ಮಾತ್ರ ಉಳಿಯಿತು, ಅಳುವೇ ಬಂತು. ಆದರೂ ಆ ಎರಡು ನಿಜವಾಗಿ ನನಗೆ ಬರುತ್ತಿದ್ದವು. ಬಸ್ಸಿನಲ್ಲಿ ಸೂತ್ರ ಓದಿಕೊಳ್ಳುತ್ತೇನೆ. ಸೀಟು ಸಿಗದ ದಿನ ಅದೂ ಇಲ್ಲ, ಬಿಡಿ.

ವಾರ್ಷಿಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 43 ಬಂತು. ಈಗ ದ್ವಿತೀಯ ಪಿಯುಸಿ. ರಾತ್ರಿ ಮೊರ ಬದಿಗಿಡುವಾಗ ಉಮ್ಮ "ಎಷ್ಟಾಯ್ತು?" ಎನ್ನುತ್ತಾರೆ. ನಿನ್ನೆ "ನಾಲ್ಕೇ" ಎಂದೆ. ಅವರದೂ ಒಂದು ಕಟ್ಟು ಬಾಕಿ ಇತ್ತು.