ಕೇಳಿಸುವುದು ಬೇರೆ, ತಿಳಿಯುವುದು ಬೇರೆ

ಮಕ್ಕಳಿಗೆ ಅಕ್ಷರ ತಿದ್ದಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವಳು ನಾನು. ಅಕ್ಷರ ಕಣ್ಣಿಗೆ ಕಾಣುವುದೇ ಬೇರೆ, ಅದನ್ನು ಓದಲು ಬರುವುದೇ ಬೇರೆ. ಕಿವಿಯದೂ ಇದೇ ಕಥೆ ಎಂಬುದನ್ನು ತೋರಿಸಿಕೊಟ್ಟವಳು ನನ್ನ ಚಿಕ್ಕಮ್ಮನ ಮಗಳು.

ಹುಟ್ಟಿದ ಮರುವರ್ಷವೇ ಅವಳಿಗೆ ಕಿವಿ ಕೇಳದಾಯಿತು. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಂಡು, ಓದಿ, ಇಂದು ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿದ್ದಾಳೆ. ಮೂವತ್ತಾರನೇ ವಯಸ್ಸಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿಕೊಂಡಳು. ಕಿವಿಯ ಹಿಂದಿನ ಯಂತ್ರ ಸದ್ದನ್ನು ಹಿಡಿದು ಚರ್ಮದೊಳಗಿನ ಭಾಗಕ್ಕೆ ದಾಟಿಸುತ್ತದೆ. ಒಳಕಿವಿಯಲ್ಲಿ ಕೂರಿಸಿದ ಸಣ್ಣ ತಂತಿ ಶ್ರವಣ ನರವನ್ನು ವಿದ್ಯುತ್ತಿನಿಂದ ಎಚ್ಚರಿಸುತ್ತದೆ. ದೇವರು ಕೊಟ್ಟ ಕಿವಿಯಲ್ಲಿ ಈ ಕೆಲಸಕ್ಕೆ ಸುಮಾರು 3,500 ಜೀವಕೋಶಗಳಿದ್ದರೆ, ಹೆಚ್ಚಿನ ಯಂತ್ರಗಳಲ್ಲಿ ವಿದ್ಯುತ್ ಮುಟ್ಟಿಸುವ ಬಿಂದುಗಳು 12ರಿಂದ 22 ಮಾತ್ರ.

ಗಾಯ ಮಾಗಿ ಯಂತ್ರ ಚಾಲೂ ಆದಮೇಲೆ ಮನೆಯಲ್ಲಿ ಪರೀಕ್ಷೆಯೋ ಪರೀಕ್ಷೆ. ಬೆನ್ನ ಹಿಂದೆ ನಿಂತು ಒಬ್ಬರಾದಮೇಲೊಬ್ಬರು ಕರೆದರು. ಅವಳು ತಿರುಗಿ ನೋಡುತ್ತಿದ್ದಳು. ಆದರೆ ಏನೆಂದರು ಎಂದು ತಿಳಿಯುತ್ತಿರಲಿಲ್ಲ. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು" ಎಂದರು ಮಾವ. ಅವಳು ತುಟಿ ಓದುವವಳು ಎಂಬುದನ್ನೇ ಮರೆತಿದ್ದರು. ಅವಳ ಮುಖ ಬಾಡಿತು.

1978ರಲ್ಲಿ ಮೆಲ್ಬರ್ನ್‌ನಲ್ಲಿ ಡಾ. ಗ್ರೇಮ್ ಕ್ಲಾರ್ಕ್ ತಮ್ಮ ಮೊದಲ ಇಂಪ್ಲಾಂಟ್ ಕೂರಿಸಿದ್ದು, ದೊಡ್ಡವರಾದಮೇಲೆ ಅಪಘಾತದಲ್ಲಿ ಕಿವಿ ಕಳೆದುಕೊಂಡವರೊಬ್ಬರಿಗೆ. ಅಂಥವರ ಮಿದುಳಿನಲ್ಲಿ ಮಾತಿನ ನೆನಪು ಇರುತ್ತದೆ. ಎಳವೆಯಲ್ಲೇ ಕಿವಿ ಹೋದವರಿಗೆ ಆ ಗಂಟು ಇಲ್ಲ. ಸದ್ದನ್ನು ಮಾತಾಗಿ ಕಲಿಯಲು ಮಿದುಳಿಗೆ ಮೊದಲ ಕೆಲವು ವರ್ಷಗಳೇ ಮುಖ್ಯ. ಅದಕ್ಕೇ ಮಕ್ಕಳಿಗೆ ಬೇಗ ಮಾಡಿಸಿ ಎನ್ನುವುದು. ದೊಡ್ಡವರಾದಮೇಲೆ ಫಲ ಒಬ್ಬೊಬ್ಬರಿಗೆ ಒಂದೊಂದು ಥರ. ಚಿಕ್ಕಂದಿನಿಂದ ಶ್ರವಣಯಂತ್ರ ಹಾಕಿ ಮಾತಾಡಿ ರೂಢಿಯಿದ್ದವರಿಗೆ ಸಾಮಾನ್ಯವಾಗಿ ಹೆಚ್ಚು ಅನುಕೂಲ. ತುಟಿ ನೋಡದೆ ಮಾತು ತಿಳಿಯುವುದು ಅನೇಕರಿಗೆ ಕಷ್ಟವೇ. ಕೆಲವರು ಯಂತ್ರವನ್ನು ತೆಗೆದಿಟ್ಟುಬಿಡುವುದೂ ಉಂಟು.

ಇವಳು ತೆಗೆದಿಡಲಿಲ್ಲ. ಮೊದಮೊದಲು ಗದ್ದಲಕ್ಕೆ ತಲೆ ಸಿಡಿಯುತ್ತಿತ್ತಂತೆ. ಈಗ ಕುಕ್ಕರಿನ ಕೂಗು ಎಣಿಸುತ್ತಾಳೆ, ಹಿಂದೆ ಬರುವ ಸ್ಕೂಟರಿಗೆ ಸರಿದು ನಿಲ್ಲುತ್ತಾಳೆ. ತುಟಿಯ ಜೊತೆಗೆ ಸದ್ದೂ ಸೇರಿದ್ದರಿಂದ ಗಿರಾಕಿಗಳ ಮಾತು ಹಿಡಿಯುವುದು ಸುಲಭವಾಗಿದೆ. "ನನಗೆ ಇಷ್ಟು ಸಾಕು ಅಕ್ಕ. ಮಾವನಿಗೆ ಸಾಕಾಗಲಿಲ್ಲ, ಅಷ್ಟೆ" ಎಂದು ನಕ್ಕಳು.

ನಿಮ್ಮ ಮನೆಯಲ್ಲೂ ಇಂಥ ಬೆಳೆದ ಮಗಳೋ ತಂಗಿಯೋ ಇದ್ದರೆ, ಅವಳಿಗೆ ಬೇಕಾದದ್ದೇನೆಂದು ಮೊದಲು ಅವಳನ್ನೇ ಕೇಳಿ. ಇದರಿಂದ ಏನು ಸಿಗುವುದಿಲ್ಲ ಎಂಬುದನ್ನು ವೈದ್ಯರಿಂದ ಅವಳ ಎದುರಿಗೇ ಕೇಳಿ ತಿಳಿಯಿರಿ. ಆಮೇಲೆ ಅವಳು ಬೇಕೆಂದರೂ ಬೇಡವೆಂದರೂ ಜೊತೆಗಿರಿ. ಬೆನ್ನ ಹಿಂದೆ ನಿಂತು ಪರೀಕ್ಷೆ ಮಾತ್ರ ಮಾಡಬೇಡಿ.